ಹಿರಿಯೂರು ಐದು, ಚಿತ್ರದುರ್ಗ ಆರು
ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಿಡಿತ ಮತ್ತು ಲಯ ಕಲಿಸುವ ಬಗ್ಗೆ ಒಂದು ಪಾಠ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಿಗೆ ಭೇಟಿ ಕೊಡುವಾಗ ನಾವು ಹೆಚ್ಚಾಗಿ ಕೇಳುವ ಮಾತು ಒಂದಿದೆ. "ಸಿಸ್ಟರ್, ಹಾಡು ಹೇಳಿಕೊಡ್ತೀವಿ, ಆದ್ರೆ ತಾಳ-ಗೀಳ ನಮಗೆ ಬರಲ್ಲ. ನಾವೇನು ಸಂಗೀತ ಕಲಿತವರಾ?" ಈ ಮಾತಿಗೆ ಉತ್ತರವಾಗಿ ಈ ಪಾಠ. ಸಂಗೀತ ಕಲಿಯದವರೇ ಇದನ್ನು ಓದಬೇಕು ಅಂತ ನಮ್ಮ ಆಸೆ. ಕಲಿತವರಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ.

ನಮ್ಮ ಶಾಲೆಗಳಲ್ಲಿ ಹಾಡಿಗೆ ಕೊರತೆ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಅದರ ಜೊತೆ ಹಾಡು, ಕುಣಿತ, ಆಟವೂ ಬಂದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಬಂದ ಕಲಾ ಶಿಕ್ಷಣದ ವರದಿಯಂತೂ ಹತ್ತನೇ ತರಗತಿ ತನಕ ಕಲೆ ಕಡ್ಡಾಯ ವಿಷಯ ಆಗಬೇಕು ಅಂತ ಹೇಳಿತು. ಆದರೂ ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಶಿಕ್ಷಕರು ಕಾಣಸಿಗುವುದು ಅಪರೂಪ. ಪ್ರತಿಭಾ ಕಾರಂಜಿ ಹತ್ತಿರ ಬಂತು ಅಂದ್ರೆ ದನಿ ಚೆನ್ನಾಗಿರುವ ಐದಾರು ಮಕ್ಕಳನ್ನು ಆರಿಸಿ ಹದಿನೈದು ದಿನ ತಾಲೀಮು ಮಾಡಿಸುತ್ತೇವೆ. ಉಳಿದ ಮಕ್ಕಳು ಕಿಟಕಿಯಿಂದ ನೋಡ್ತಾ ಇರ್ತಾರೆ. ನಮಗೆ ಬೇಕಾಗಿರುವುದು ಆ ಕಿಟಕಿಯ ಮಕ್ಕಳಿಗೆ ಕಲಿಸುವ ಪಾಠ.

ಮೊದಲು ಎರಡು ಮಾತುಗಳ ವ್ಯತ್ಯಾಸ ತಿಳಿಯೋಣ. ಮಿಡಿತ ಬೇರೆ, ಲಯದ ನಡೆ ಬೇರೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡಿ, ನಾಡಿ ಒಂದೇ ಸಮನೆ ಹೊಡೀತಾ ಇರುತ್ತದೆ. ಅದು ಮಿಡಿತ. ಗಡಿಯಾರದ ಟಿಕ್ ಟಿಕ್, ನಡೆಯುವ ಹೆಜ್ಜೆ, ತೊಟ್ಟಿಲು ತೂಗುವ ಕೈ ಎಲ್ಲವೂ ಮಿಡಿತವೇ. ಆ ಮಿಡಿತದ ಮೇಲೆ ಮಾತು, ಹಾಡು, ಬಡಿತ ಉದ್ದ-ಗಿಡ್ಡವಾಗಿ ಕೂರುತ್ತವಲ್ಲ, ಅದು ನಡೆ. ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕುವುದನ್ನು ನೆನಪಿಸಿಕೊಳ್ಳಿ. ಒಬ್ಬಳ ಒನಕೆ ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ. ಮಿಡಿತ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತೆ. ಅವರು ಹಾಡುವ ಪದ ಆ ಮಿಡಿತದ ಮೇಲೆ ತನ್ನಷ್ಟಕ್ಕೆ ಹರಿಯುತ್ತೆ. ಒನಕೆ ಕುಟ್ಟಿದ, ರಾಗಿ ಬೀಸಿದ ನಮ್ಮ ಅಜ್ಜಿಯರಿಗೆ ತಾಳ ಬರುತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಬರೆದಿಡದೆ ಅಷ್ಟು ಪದ ಉಳಿಯಬೇಕಾದರೆ ಲಯದ ಸಹಾಯ ಇಲ್ಲದೆ ಆಗದು.

ಪಾಠ ಕಾಲಿನಿಂದ ಶುರುವಾಗಲಿ, ಕೈಯಿಂದ ಅಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಎಮಿಲ್ ಜಾಕ್-ಡಾಲ್ಕ್ರೋಜ್ ಎಂಬ ಸಂಗೀತ ಶಿಕ್ಷಕರಿದ್ದರು, 1865ರಲ್ಲಿ ಹುಟ್ಟಿ 1950ರಲ್ಲಿ ತೀರಿಕೊಂಡವರು. ವಾದ್ಯ ಚೆನ್ನಾಗಿ ನುಡಿಸುವ ವಿದ್ಯಾರ್ಥಿಗಳಿಗೂ ಲಯ ಮೈಗೆ ಇಳಿದಿಲ್ಲ ಎಂದು ಕಂಡು ಅವರನ್ನು ಎದ್ದು ನಡೆಯಲು ಹಚ್ಚಿದರು. ನಮ್ಮ ಕೋಲಾಟ, ವೀರಗಾಸೆ, ಡೊಳ್ಳು ಕುಣಿತದವರಿಗೆ ಇದನ್ನು ಹೊರದೇಶದಿಂದ ಹೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ ಬಿಡಿ. ಹೆಜ್ಜೆ ಬಿಟ್ಟು ತಾಳವನ್ನು ಅವರು ಎಂದೂ ಕಲಿಸಿದವರಲ್ಲ.

ಅಂಗಳದಲ್ಲಿ ಮಕ್ಕಳನ್ನು ದುಂಡಗೆ ನಡೆಸಿ. ನೀವು ಎರಡು ತೆಂಗಿನ ಚಿಪ್ಪು ಹಿಡಿದು ಒಂದಕ್ಕೊಂದು ಬಡಿಯಿರಿ. ಬಡಿತಕ್ಕೊಂದು ಹೆಜ್ಜೆ. ಇಲ್ಲಿ ಒಂದು ವಿಷಯ ಗಮನಿಸಿ. ಸಣ್ಣ ಮಕ್ಕಳಿಗೆ ನಿಧಾನವೇ ಕಷ್ಟ. ದೊಡ್ಡವರಾದ ನಾವು ಸುಲಭವಾಗಲಿ ಅಂತ ನಿಧಾನಕ್ಕೆ ಬಡಿತೇವೆ, ಮಕ್ಕಳು ಬಡಿತಕ್ಕೆ ಮೊದಲೇ ಓಡಿಬಿಡ್ತಾರೆ, ಆಮೇಲೆ ನಾವು ಬೈತೇವೆ. ಏಳೆಂಟು ವರ್ಷದ ಮಗುವಿನ ನಾಡಿ ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 70ರಿಂದ 110 ಸಲ ಹೊಡೆಯುತ್ತದೆ. ಕಾಲು ಗಿಡ್ಡ, ಹೆಜ್ಜೆ ಚುರುಕು. ಆದ್ದರಿಂದ ಮೊದಲ ವಾರ ಮಗುವಿನ ಹೆಜ್ಜೆಗೆ ನೀವು ಬಡಿಯಿರಿ. ಒಂದು ಮಗುವನ್ನು ಅದರ ಪಾಡಿಗೆ ನಡೆಯಲು ಬಿಟ್ಟು, ಅದರ ಹೆಜ್ಜೆ ನೋಡಿಕೊಂಡು ಚಿಪ್ಪು ಬಡಿಯಿರಿ, ಉಳಿದವರು ಆ ಮಗುವಿನಂತೆ ನಡೆಯಲಿ. ಎರಡನೇ ವಾರ ನಿಮ್ಮ ಬಡಿತಕ್ಕೆ ಅವರು. ಆಮೇಲೆ ಸ್ವಲ್ಪ ಬೇಗ, ಸ್ವಲ್ಪ ನಿಧಾನ. ನಡುವೆ ತಟ್ಟನೆ ಬಡಿತ ನಿಲ್ಲಿಸಿ, ಹೆಜ್ಜೆಯೂ ನಿಲ್ಲಬೇಕು. ಎಲ್ಲರಿಗೂ ಗೊತ್ತಿರುವ ಕೆರೆ-ದಡ ಆಟವನ್ನೂ ಹೀಗೆಯೇ ಒಂದೇ ಮಿಡಿತಕ್ಕೆ ಆಡಿಸಬಹುದು. ಔಟಾದ ಮಗುವನ್ನು ಹೊರಗೆ ಕೂರಿಸಬೇಡಿ, ಚಿಪ್ಪು ಅವರ ಕೈಗೆ ಕೊಡಿ. ತಪ್ಪುವ ಮಗುವಿಗೇ ಅಭ್ಯಾಸ ಬೇಕಾಗಿರುವುದು, ಅದನ್ನೇ ಹೊರಗೆ ಕೂರಿಸಿದರೆ ಹೇಗೆ?

ಹೆಜ್ಜೆ ಕೂತ ಮೇಲೆ ಮಾತಿಗೆ ಬನ್ನಿ. ಇಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡಿದೆ. ಹಂಗೇರಿಯ ಶಾಲೆಗಳಲ್ಲಿ ಜೋಲ್ತಾನ್ ಕೊಡಾಯ್ ಎಂಬ ಸಂಗೀತಗಾರರ ಪದ್ಧತಿಯಲ್ಲಿ ಉದ್ದ ಬಡಿತಕ್ಕೆ 'ತಾ', ಗಿಡ್ಡ ಬಡಿತದ ಜೋಡಿಗೆ 'ತಿ-ತಿ' ಅಂತ ಮಕ್ಕಳಿಂದ ಹೇಳಿಸುತ್ತಾರೆ. ನಮ್ಮ ಭಾಷೆಯಲ್ಲಿ ಆ ಉದ್ದ-ಗಿಡ್ಡ ಪ್ರತಿ ಮಾತಿನೊಳಗೇ ಇದೆ. ಗಿಡ್ಡ ಅಕ್ಷರ ಒಂದು ಮಾತ್ರೆ, ಉದ್ದ ಅಕ್ಷರ ಎರಡು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರ ಗಿಡ್ಡವಾಗಿ ಕಂಡರೂ ಬಾಯಲ್ಲಿ ತಡೆದು ನಿಲ್ಲುತ್ತದೆ, ಅದೂ ಎರಡು. ಹೈಸ್ಕೂಲಿನಲ್ಲಿ ಲಘು-ಗುರು ಪ್ರಸ್ತಾರ ಹಾಕಿ ಗಣ ವಿಂಗಡಿಸಿರಿ ಅಂತ ಪ್ರಶ್ನೆ ಬರುತ್ತದಲ್ಲ, ಅದೇ ಇದು. ಹದಿನಾಲ್ಕು ವರ್ಷದ ಮಗುವಿಗೆ ಅದು ಲೆಕ್ಕದ ಹಾಗೆ ಕಾಣುತ್ತದೆ, ಏಕೆಂದರೆ ಏಳನೇ ವಯಸ್ಸಿನಲ್ಲಿ ಯಾರೂ ಅದಕ್ಕೆ ಚಪ್ಪಾಳೆ ಹಾಕಿಸಿಲ್ಲ. ಚಿಕ್ಕ ಮಕ್ಕಳಿಗೆ ನಿಯಮ ಹೇಳಬೇಡಿ. ಬಾಯಲ್ಲಿ ಹೇಳಿಸಿ, ಕೈಯಲ್ಲಿ ತಟ್ಟಿಸಿ, ಅಷ್ಟು ಸಾಕು.

ನಮ್ಮ ಹೊಲದಲ್ಲಿ ಬೆಳೆಯುವುದನ್ನೇ ತಗೊಳ್ಳಿ. ರಾಗಿ, ಜೋಳ, ಸಜ್ಜೆ, ಹತ್ತಿ, ತೆಂಗು: ಎಲ್ಲವೂ ಮೂರು ಮಾತ್ರೆ, ಮೊದಲು ಉದ್ದ ಆಮೇಲೆ ಗಿಡ್ಡ. ನವಣೆ, ತೊಗರಿ, ಹುರುಳಿ, ಅಡಿಕೆ: ಇವೂ ಮೂರು, ಆದರೆ ಮೂರೂ ಗಿಡ್ಡ. ಈಗ ಮಕ್ಕಳು ನಡೆಯುತ್ತಾ ಪ್ರತಿ ಮಾತಿನ ಮೊದಲ ಅಕ್ಷರಕ್ಕೆ ಕಾಲು ಹಾಕಲಿ: ರಾಗಿ, ನವಣೆ, ರಾಗಿ, ತೊಗರಿ. ಕಾಲಿನ ಬಡಿತ ಒಂದೇ ಸಮ ಬರುತ್ತದೆ, ಬಾಯಿ ಮಾತ್ರ ಒಮ್ಮೆ ಎರಡು ಸಲ, ಒಮ್ಮೆ ಮೂರು ಸಲ ಆಡುತ್ತದೆ. ಕಾಲಲ್ಲಿ ಇರುವುದು ಮಿಡಿತ, ಬಾಯಲ್ಲಿ ಇರುವುದು ನಡೆ. ಇಷ್ಟನ್ನು ಮಗುವಿನ ಮೈ ತಿಳಿದುಕೊಂಡರೆ ಪಾಠದ ಅರ್ಧ ಭಾಗ ಮುಗಿದಂತೆ. ಮುಂದಿನ ಮೆಟ್ಟಿಲು: ಅರ್ಧ ಮಕ್ಕಳು ಕಾಲು, ಅರ್ಧ ಮಕ್ಕಳು ಚಪ್ಪಾಳೆ. ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹೇಳಿಕೊಂಡು ಕೈ ಮಾತ್ರ ತಟ್ಟುವುದು. ಬಾಯಿ ಮುಚ್ಚಿದಾಗಲೂ ಗುಂಪು ಒಟ್ಟಿಗೆ ಇದ್ದರೆ ಕಲಿತಿದ್ದಾರೆ ಅಂತಲೇ ಅರ್ಥ.

ಮಕ್ಕಳ ಹೆಸರುಗಳೂ ಒಳ್ಳೆಯ ಸಾಮಗ್ರಿ. ಕಾವ್ಯ ಮೂರು, ಮಂಜುಳ ನಾಲ್ಕು, ಮಾರಕ್ಕ ಐದು, ಓಬಳೇಶ ಆರು, ತಿಪ್ಪೇಸ್ವಾಮಿ ಏಳು. ಹಾಜರಿ ಕರೆಯುವಾಗಲೇ ಇದನ್ನು ಮಾಡಬಹುದು, ಬೇರೆ ಪೀರಿಯಡ್ ಬೇಕಿಲ್ಲ. ಮಗು "ಹಾಜರ್" ಅನ್ನುವ ಬದಲು ತನ್ನ ಹೆಸರನ್ನು ತಾನೇ ತಟ್ಟಲಿ. ತರಗತಿಯಲ್ಲಿ ಎಂದೂ ಬಾಯಿ ಬಿಡದ ಮಗು ಕೂಡ ಹೆಸರು ತಟ್ಟುತ್ತದೆ, ಇದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ.

ಈಗ ಊರುಗಳಿಗೆ ಬರೋಣ. ಇದು ನಮ್ಮ ನಾಲ್ಕು ತಾಲ್ಲೂಕಿನವರಿಗೆ ಬಂದ ಭಾಗ್ಯ ಅಂತಲೇ ಹೇಳಬೇಕು. ಹಿರಿಯೂರು: ಹಿ, ರಿ, ಯೂ, ರು. ಒಂದು, ಒಂದು, ಎರಡು, ಒಂದು, ಒಟ್ಟು ಐದು. ಹೊಸದುರ್ಗ: 'ದುರ್' ಅನ್ನುವಲ್ಲಿ ತಡೆಯುತ್ತೇವೆ, ಅದೂ ಐದು. ಹೊಳಲ್ಕೆರೆ: 'ಳಲ್' ಉದ್ದ, ಮತ್ತೆ ಐದು. ಮೂರು ತಾಲ್ಲೂಕು, ಮೂರಕ್ಕೂ ಐದೈದು ಮಾತ್ರೆ. ಆದರೆ ಒಡೆಯುವ ರೀತಿ ನೋಡಿ. ಹಿರಿ-ಯೂರು, ಹೊಸ-ದುರ್ಗ ಇವೆರಡೂ ಎರಡು ಮತ್ತು ಮೂರು. ಮೃದಂಗದವರು 'ತಕ ತಕಿಟ' ಅನ್ನುತ್ತಾರೆ, ಕರ್ನಾಟಕ ಸಂಗೀತದಲ್ಲಿ ಇದು ಖಂಡಛಾಪು. ಹೊಳಲ್-ಕೆರೆ ತಿರುಗಾಮುರುಗಾ, ಮೂರು ಮತ್ತು ಎರಡು. ಚಿತ್ರದುರ್ಗ ಮಾತ್ರ ಆರು: ಚಿತ್ರ, ದುರ್ಗ, ಮೂರು-ಮೂರು, 'ತಕಿಟ ತಕಿಟ'. ಐದು ಮಾತ್ರೆಯ ನಡೆ ಲಲಿತ ರಗಳೆಯಲ್ಲಿದೆ, ಮೂರರ ನಡೆ ಉತ್ಸಾಹ ರಗಳೆಯಲ್ಲಿದೆ. ಕುಮಾರವ್ಯಾಸ ಭಾರತ ಬರೆದ ಭಾಮಿನಿ ಷಟ್ಪದಿ ಮೂರು ಮತ್ತು ನಾಲ್ಕರ ಜೋಡಿ. ಭರಮಸಾಗರ ಅಂತ ಹೇಳಿ ನೋಡಿ: ಭರಮ ಮೂರು, ಸಾಗರ ನಾಲ್ಕು. ಆ ಊರಿನ ಮಕ್ಕಳಿಗೆ ಭಾಮಿನಿಯ ನಡೆ ಹುಟ್ಟೂರಿನ ಹೆಸರಿನಲ್ಲೇ ಇದೆ.

ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು 'ಹಿರಿಯೂರು' ಅಂತ ನಡೆಯಲಿ, ಇನ್ನೊಂದು 'ಹೊಳಲ್ಕೆರೆ' ಅಂತ. ಒಟ್ಟಿಗೆ ಶುರು, ಒಟ್ಟಿಗೆ ಮುಗಿತಾಯ, ನಡುವಿನ ಹೆಜ್ಜೆ ಮಾತ್ರ ಬೇರೆ ಬೇರೆ ಕಡೆ ಬೀಳುತ್ತದೆ. ಮಕ್ಕಳಿಗೆ ಇದು ಜಗಳದ ಹಾಗೆ ಕಂಡು ಖುಷಿಯಾಗುತ್ತೆ. ಚಿತ್ರದುರ್ಗ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುವುದನ್ನೂ ಕೇಳಿಸಿಕೊಂಡು ಬರಲಿ. ಅವರು "ಹಿರಿಯೂರ್ ಹಿರಿಯೂರ್" ಅಂತ ಕೊನೆಯ ಉಕಾರ ನುಂಗಿ ನಾಲ್ಕು ಮಾತ್ರೆ ಮಾಡಿಕೊಂಡಿರುತ್ತಾರೆ, ಅವರಿಗೆ ಸಮ ಸಂಖ್ಯೆ ಅನುಕೂಲ. ಬರವಣಿಗೆಯಲ್ಲಿ ಐದು, ಬಸ್ಸಿನಲ್ಲಿ ನಾಲ್ಕು. ಇದನ್ನು ತಾನಾಗಿ ಹಿಡಿದ ಮಗುವಿಗೆ ಶಹಬ್ಬಾಸ್ ಹೇಳಿ.

ವಾದ್ಯಕ್ಕೆ ದುಡ್ಡು ಬೇಡ. ತೆಂಗಿನ ಚಿಪ್ಪು, ಕೋಲು, ರಾಗಿ ಅಥವಾ ಹುಣಸೆಬೀಜ ತುಂಬಿದ ಖಾಲಿ ಬಾಟಲಿ, ಬೋರಲು ಹಾಕಿದ ಬಕೆಟ್ ಸಾಕು. ಆದರೆ ವಾದ್ಯ ಅಂದ ಕೂಡಲೇ ನಮ್ಮ ಕಡೆ ತಮಟೆಯ ಮಾತು ಬರುತ್ತದೆ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಒಂದು ಶಾಲೆ. ಊರಿನ ಹೆಸರು ಬೇಡ. ನಾಲ್ಕನೇ ತರಗತಿಯ ಹುಡುಗನೊಬ್ಬ ಡೆಸ್ಕಿನ ಮೇಲೆ ಬೆರಳಲ್ಲಿ ಎಷ್ಟು ಚೆನ್ನಾಗಿ ತಟ್ಟುತ್ತಿದ್ದ ಅಂದರೆ ನಾವೆಲ್ಲ ತಿರುಗಿ ನೋಡಿದೆವು. ಆಗ ಶಿಕ್ಷಕರೊಬ್ಬರು ನಗುತ್ತಾ, "ಅವನಿಗೆ ಬರದೆ ಇರುತ್ತಾ ಸಿಸ್ಟರ್, ಅವರ ಮನೆತನದ ಕಸುಬಲ್ವಾ" ಅಂದರು. ಬೇಕಂತ ನೋಯಿಸಲು ಹೇಳಿದ್ದಲ್ಲ, ಮೆಚ್ಚಿಯೇ ಹೇಳಿದ್ದು. ಹುಡುಗ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂತುಬಿಟ್ಟ. ಆ ದಿನ ಮತ್ತೆ ಕೈ ಹೊರಗೆ ತೆಗೆಯಲಿಲ್ಲ. ಸಂಜೆ ಸಂಘದ ಮೀಟಿಂಗಿನಲ್ಲಿ ಅವನ ತಾಯಿ ಸಿಕ್ಕರು. "ಅವ್ರಪ್ಪ ಹಬ್ಬಕ್ಕೂ ಬಡೀಬೇಕು, ಹೆಣದ ಮುಂದೂ ಬಡೀಬೇಕು. ಕೊನೀಗೆ ದೂರ ನಿಂತು ಉಣ್ಣಬೇಕು. ನಮ್ಮ ಹುಡುಗ ಪೆನ್ನು ಹಿಡೀಲಿ ಅಂತ ಇಸ್ಕೂಲಿಗೆ ಕಳಿಸೀವಿ. ಅಲ್ಲೂ ತಮಟೇನೇ ಕೊಟ್ರೆ ಹೆಂಗೆ ಸಿಸ್ಟ್ರೇ?" ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರ ಇಲ್ಲ.

ತಮಟೆ ದೊಡ್ಡ ವಿದ್ಯೆ, ಅದರಲ್ಲಿ ಸಂಶಯ ಬೇಡ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ, ಎರಡು ಕೈ ಎರಡು ಬೇರೆ ನಡೆ ಹಿಡಿದು ಕಾಲು ಮೂರನೆಯದನ್ನು ಕುಣಿಯಬೇಕು. ಬೆಂಕಿಗೆ ಕಾಯಿಸಿ ಚರ್ಮ ಬಿಗಿ ಮಾಡುವ ಹದ ಬೇರೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇದೆಲ್ಲ ನಿಜ. ಆದರೂ ಆ ತಾಯಿಯ ಮಾತು ಅದಕ್ಕಿಂತ ಮೊದಲು ಬರುತ್ತದೆ. ಜಾತಿಯ ಹೊರೆಯಾಗಿ ಬಂದ ವಾದ್ಯವನ್ನು ಅದೇ ಜಾತಿಯ ಮಗುವಿನ ಕೊರಳಿಗೆ ಶಾಲೆಯೇ ಹಾಕಿದರೆ, ಅದನ್ನು ಜಾನಪದ ಕಲೆ ಅಂತ ಕರೆದ ಮಾತ್ರಕ್ಕೆ ಹೊರೆ ಇಳಿಯುವುದಿಲ್ಲ.

ಆದ್ದರಿಂದ ನಮ್ಮ ಕೇಂದ್ರಗಳಲ್ಲಿ ಹೀಗೆ ನಡೆಸುತ್ತೇವೆ. ತಮಟೆ ತಂದರೆ ಎಲ್ಲ ಮಕ್ಕಳ ಕೈಗೂ ಸರದಿಯಲ್ಲಿ ಬರಬೇಕು, ಮೊದಲ ಸರದಿ ಯಾರದು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಯಾವ ಮಗುವಿನ ಮನೆತನದ ಮಾತನ್ನೂ ಎತ್ತಬಾರದು, ಹೊಗಳಿಕೆಗೂ ಎತ್ತಬಾರದು. ಊರಿನ ತಮಟೆ ಕಲಾವಿದರನ್ನು ಕರೆಸುವುದಾದರೆ ಅವರ ಒಪ್ಪಿಗೆ ಕೇಳಿ, ಸಂಪನ್ಮೂಲ ವ್ಯಕ್ತಿಗೆ ಕೊಡುವ ಸಂಭಾವನೆಯನ್ನೇ ಕೊಟ್ಟು, ಹೆಡ್ ಮಾಸ್ಟರ್ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಟೀಚರ್‌ಗಳು ಕುಡಿಯುವ ಲೋಟದಲ್ಲೇ ಟೀ ಕೊಡಬೇಕು. ಮಕ್ಕಳು ಅವರನ್ನು "ಮೇಷ್ಟ್ರೇ" ಅಂತ ಕರೆಯಬೇಕು. ಇಷ್ಟು ಮಾಡಲು ಆಗದ ಊರಿನಲ್ಲಿ ತಮಟೆ ತರಲೇಬೇಡಿ, ಬಕೆಟ್ಟಿನಲ್ಲೇ ಪಾಠ ಮಾಡಿ. ಕೆಲವು ಪೋಷಕರು "ನಮ್ಮ ಮಕ್ಕಳು ಚರ್ಮ ಮುಟ್ಟೋದು ಬೇಡ" ಅಂತ ಬರುತ್ತಾರೆ. ಅವರಿಗೆ ಜಗಳವಾಡದೆ ಒಂದು ಪ್ರಶ್ನೆ ಕೇಳಿ: ದೇವಸ್ಥಾನದ ಮೃದಂಗ, ಭಜನೆಯ ತಬಲಾ, ಮೆರವಣಿಗೆಯ ಡೊಳ್ಳು ಯಾವುದರಿಂದ ಮಾಡಿದ್ದು? ಆ ಹುಡುಗನ ವಿಷಯಕ್ಕೆ ಬಂದರೆ, ಅವನು ಈಗ ಊರುಗಳ ಹೆಸರಿನ ಆಟದಲ್ಲಿ ಗುಂಪಿಗೆ ಮಿಡಿತ ಕೊಡುತ್ತಾನೆ, ತೆಂಗಿನ ಚಿಪ್ಪಿನಲ್ಲಿ. ತಮಟೆ ಮುಟ್ಟುವುದು ಬಿಡುವುದು ಅವನ ಇಷ್ಟ.

ಇದರಿಂದ ಓದು-ಬರಹಕ್ಕೆ ಏನು ಲಾಭ ಅಂತ ಕೇಳುವವರಿದ್ದಾರೆ. ಸಮ ಮಿಡಿತ ಹಿಡಿಯಲು ಬರುವುದಕ್ಕೂ ಓದು ಸರಾಗವಾಗುವುದಕ್ಕೂ ನಂಟಿದೆ ಅಂತ ಹಲವು ದೇಶಗಳ ಸಂಶೋಧಕರು ಕಂಡಿದ್ದಾರೆ. ನಂಟು ಇದೆ ಅಂದ ಮಾತ್ರಕ್ಕೆ ಚಪ್ಪಾಳೆ ತಟ್ಟಿದರೆ ಓದು ಬಂದುಬಿಡುತ್ತೆ ಅಂತಲ್ಲ. ನಮ್ಮ ಮಕ್ಕಳು ಅಕ್ಷರ ಅಕ್ಷರ ಕೂಡಿಸಿ ಓದುವಾಗ 'ಕತ್ತೆ'ಗೂ 'ಕತೆ'ಗೂ ವ್ಯತ್ಯಾಸ ಮಾಡುವುದಿಲ್ಲ. ಮೂರು ಮಾತ್ರೆ, ಎರಡು ಮಾತ್ರೆ ಅಂತ ತಟ್ಟಿಸಿದಾಗ ಒತ್ತಕ್ಷರ ಎಲ್ಲಿ ಬಿಟ್ಟಿತು ಅನ್ನುವುದು ಅವರಿಗೇ ಗೊತ್ತಾಗುತ್ತದೆ, ಉಕ್ತಲೇಖನದ ತಪ್ಪು ಕಡಿಮೆಯಾಗುತ್ತದೆ. ಮಗ್ಗಿಗೂ ಉಪಯೋಗ ಇದೆ: ಒಂದರಿಂದ ಎಣಿಸುತ್ತಾ ಮೂರಕ್ಕೊಮ್ಮೆ ಚಪ್ಪಾಳೆ ಹಾಕಿದರೆ ಚಪ್ಪಾಳೆ ಬಿದ್ದ ಅಂಕಿಗಳೇ ಮೂರರ ಮಗ್ಗಿ.

ಮಾತು ತೊದಲುವ ಮಕ್ಕಳು ಗುಂಪಿನಲ್ಲಿ ಲಯಕ್ಕೆ ಹೇಳುವಾಗ ಸಾಮಾನ್ಯವಾಗಿ ತೊದಲುವುದಿಲ್ಲ. ನೋಡಿ ಸಂತೋಷಪಡಿ, ಆದರೆ ವಾಸಿಯಾಯಿತು ಅಂತ ತಿಳಿಯಬೇಡಿ, ಒಬ್ಬನನ್ನೇ ಎಬ್ಬಿಸಿ "ಈಗ ಹೇಳು" ಅಂತ ಪರೀಕ್ಷೆ ಮಾಡಬೇಡಿ. ಅಂಥ ಮಕ್ಕಳಿಗೆ ವಾಕ್ ತಜ್ಞರ ಸಹಾಯ ಬೇಕು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಕಿವಿ ಕೇಳದ ಮಗುವನ್ನೂ ಈ ಪಾಠದಿಂದ ಹೊರಗಿಡಬೇಡಿ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ಅವರಿಗೆ ಹನ್ನೆರಡನೇ ವಯಸ್ಸಿಗೆ ಹೆಚ್ಚುಕಡಿಮೆ ಪೂರ್ತಿ ಕಿವಿ ಹೋಗಿತ್ತು. ಅವರು ಬರಿಗಾಲಲ್ಲಿ ನಿಂತು ನೆಲದ ಅದುರನ್ನು ಮೈಯಿಂದ ಕೇಳಿಸಿಕೊಂಡು ಜಗತ್ತಿಗೇ ಹೆಸರಾದ ತಾಳವಾದ್ಯ ಕಲಾವಿದೆ ಆದರು. ಆ ಮಗುವಿನ ಎರಡು ಅಂಗೈಯನ್ನು ಬೋರಲು ಹಾಕಿದ ಬಕೆಟ್ಟಿನ ಬದಿಗೆ ಒತ್ತಿ ಹಿಡಿಸಿ, ಇನ್ನೊಂದು ಮಗು ಬಡಿಯಲಿ. ಹೆಜ್ಜೆ ತಾನಾಗಿ ಬರುತ್ತದೆ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘ ಆರಂಭವಾಯಿತು, 1997ರಲ್ಲಿ ಅದರ ಶಿವಸಂಚಾರ ತಿರುಗಾಟ ಶುರುವಾಯಿತು. ಅವರ ನಾಟಕ ಹತ್ತಿರ ಎಲ್ಲಾದರೂ ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ, ನಟರ ಕಾಲನ್ನು ನೋಡಲು ಹೇಳಿ.

ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ ಸಾಕು. ಒಂದು ಮತ್ತು ಎರಡನೇ ತರಗತಿಗೆ ಹೆಜ್ಜೆ, ಬೆಳೆಗಳ ಹೆಸರು, ಮಕ್ಕಳ ಹೆಸರು ಇಷ್ಟೇ ಇರಲಿ. ಐದರ ಊರುಗಳು ಮೂರನೇ ತರಗತಿಗೆ. ನಮ್ಮ ಜಿಲ್ಲೆಯ ಇನ್ನೆರಡು ತಾಲ್ಲೂಕುಗಳು ಉಳಿದವು. ಚಳ್ಳಕೆರೆ ಸುಲಭ, ಹೊಳಲ್ಕೆರೆಯಂತೆಯೇ ಮೂರು-ಎರಡು. ಮೊಳಕಾಲ್ಮೂರು ಏಳು: ಮೊಳಕಾಲ್ ನಾಲ್ಕು, ಮೂರು ಮೂರು. ಹೆಸರಿನಲ್ಲೇ 'ಮೂರು' ಅಂತ ಇರುವುದರಿಂದ ಮಕ್ಕಳು ಅದನ್ನು ಮೂರು ಅಂತಲೇ ಹಟ ಹಿಡಿಯುತ್ತಾರೆ, ಆ ಹಟ ಬಿಡಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಅದನ್ನು ನಾಲ್ಕನೇ ತರಗತಿಗೆ ಇಟ್ಟುಕೊಳ್ಳಿ.